ಅತ್ತೆ ಬಂದ ದೋಣಿ

ಕಳೆದ ವಾರ ಸಂಜೆ ಚಾನಲ್ ದಂಡೆಯಲ್ಲಿ ವಾಕಿಂಗ್ ಮುಗಿಸಿ ಬರುತ್ತಿದ್ದಾಗ ಕಾಲೇಜಿನ ಇಬ್ಬರು ಹುಡುಗಿಯರು ನನ್ನನ್ನು ತಡೆದು, "ಆಂಟಿ, ನಮ್ದೊಂದು ಫೋಟೋ ತೆಗೀತೀರಾ?" ಎಂದರು. ತೆಗೆದೆ. ಅವರು ನಿಂತಿದ್ದದ್ದು ಒಂದು ಕಬ್ಬಿಣದ ದೋಣಿಯ ಮುಂದೆ. ಅದನ್ನು ದಂಡೆಯ ಮೇಲೆ ಸಿಮೆಂಟಿನ ಕಟ್ಟೆ ಕಟ್ಟಿ ಕೂರಿಸಿದ್ದಾರೆ, ಒಳಗೆ ಮಣ್ಣು ತುಂಬಿ ಕನಕಾಂಬರ ಹಾಕಿದ್ದಾರೆ. ಪಕ್ಕದ ಫಲಕದಲ್ಲಿ "ಒಂದು ಕಾಲದಲ್ಲಿ ಈ ನಾಲೆಯಲ್ಲಿ ದೋಣಿಗಳು ಸಂಚರಿಸುತ್ತಿದ್ದವು" ಎಂದು ಬರೆದಿದೆ. ಎಷ್ಟು ದೂರ ಸಂಚರಿಸುತ್ತಿದ್ದವು ಎಂದು ಬರೆದಿಲ್ಲ. ಒಬ್ಬಳು, "ಇದ್ರಲ್ಲಿ ನಿಜವಾಗ್ಲೂ ದೋಣಿ ಹೋಗ್ತಿತ್ತಾ ಆಂಟಿ?" ಎಂದು ಕೇಳಿದಳು. "ಹೋಗ್ತಿತ್ತು, ನಾನೇ ಕೂತಿದ್ದೆ," ಎಂದೆ. ಅವಳು ಮನಸ್ಸಿನಲ್ಲೇ ನನ್ನ ವಯಸ್ಸನ್ನು ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಗೊತ್ತಾಯಿತು. ನಾನೇನೂ ಅಷ್ಟು ಹಳೆಯವಳಲ್ಲ. ಚಾನಲ್ಲಿಗೆ ಈ ರೇಲಿಂಗು, ದೀಪ, ಕಲ್ಲುಬೆಂಚುಗಳ ಸಿಂಗಾರ ಆದ ವರ್ಷದ ಮಾತು ಅದು.

ತುಂಗಾ ನಾಲೆ ಎಂದು ಪುಸ್ತಕದಲ್ಲಿ ಬರೆಯಬಹುದು. ಶಿವಮೊಗ್ಗದ ರಸ್ತೆಯಲ್ಲಿ ನಾಲೆ ಎಲ್ಲಿದೆ ಎಂದು ಕೇಳಿದರೆ ಆಟೋದವರೂ ತಲೆ ಕೆರೆದುಕೊಳ್ಳುತ್ತಾರೆ. ಚಾನಲ್ ಎಂದರೆ ಸಾಕು. ಗಾಜನೂರಿನಿಂದ ಹೊರಟು ಊರೊಳಗೆ ನುಗ್ಗಿ, ಮನೆಗಳ ಹಿತ್ತಲು, ಶಾಲೆಯ ಕಾಂಪೌಂಡು, ಕಲ್ಯಾಣಮಂಟಪದ ಅಡುಗೆಮನೆ ಎಲ್ಲವನ್ನೂ ಸವರಿಕೊಂಡು ಗದ್ದೆಗಳ ಕಡೆಗೆ ಹೋಗುತ್ತದೆ. ನಾನು ಸೊಸೆಯಾಗಿ ಬಂದಾಗ ಇಡೀ ಬೀದಿ ಅದರಲ್ಲಿ ಕಂಬಳಿ ಒಗೆಯುತ್ತಿತ್ತು, ಎಮ್ಮೆ ತೊಳೆಯುತ್ತಿತ್ತು, ಗಣಪತಿ ಬಿಡುತ್ತಿತ್ತು. ಬೇಸಿಗೆಯಲ್ಲಿ ನೀರು ನಿಲ್ಲಿಸಿದಾಗ ಹುಡುಗರು ತಳಕ್ಕಿಳಿದು ಕ್ರಿಕೆಟ್ ಆಡುತ್ತಿದ್ದರು. ಹಿಂದಿನ ವರ್ಷ ಕಳೆದುಕೊಂಡ ಚಪ್ಪಲಿ, ಚೆಂಬು, ಬಕೆಟ್ಟುಗಳನ್ನು ಹೆಂಗಸರು ಹುಡುಕಿಕೊಳ್ಳುತ್ತಿದ್ದದ್ದೂ ಆಗಲೇ. ಹೆಚ್ಚಿನ ಸಲ ಸಿಗುತ್ತಿದ್ದದ್ದು ಬೇರೆಯವರ ಬಕೆಟ್ಟು.

ನಮ್ಮ ಅತ್ತೆ ನೀಲಮ್ಮ ಮದುವೆಯ ದಿನ ಈ ಚಾನಲ್ಲಿನಲ್ಲಿ ದೋಣಿಯ ಮೇಲೆ ಬಂದವರು. ಹಾಗೆಂದು ಅವರೇ ಹೇಳುತ್ತಿದ್ದರು. ಅವರ ತವರು ಗಾಜನೂರಿನ ಹತ್ತಿರ. ಚಾನಲ್ ತೋಡುವ ಕಾಲದಲ್ಲಿ ಅವರ ಅಪ್ಪ ಅಲ್ಲಿ ಮೇಸ್ತ್ರಿಯಾಗಿದ್ದರಂತೆ. ಕಲ್ಲು, ಸುಣ್ಣ ಸಾಗಿಸಲು ಚಪ್ಪಟೆ ತಳದ ಮರದ ದೋಣಿಗಳಿದ್ದವಂತೆ. ಕೆಲಸ ಮುಗಿದ ಮೇಲೂ ಕೆಲವು ವರ್ಷ ಆ ದೋಣಿಗಳಲ್ಲೇ ಬೆಲ್ಲ, ಭತ್ತದ ಮೂಟೆಗಳು ಶಿವಮೊಗ್ಗಕ್ಕೆ ಬರುತ್ತಿದ್ದವಂತೆ. ಬರುವಾಗ ನೀರಿನ ಜೊತೆ ತೇಲಿಕೊಂಡು, ಹೋಗುವಾಗ ದಂಡೆಯ ಮೇಲಿನ ಎತ್ತುಗಳು ಹಗ್ಗದಲ್ಲಿ ಎಳೆದುಕೊಂಡು. ಆಗ ಮದುವೆ ಗಂಡಿನ ಮನೆಯಲ್ಲಿ ಆಗುತ್ತಿತ್ತು. ಮೇಸ್ತ್ರಿಗಳು ಒಂದು ದೋಣಿಗೆ ಚಪ್ಪರ ಕಟ್ಟಿಸಿ, ಮಾವಿನ ಸೊಪ್ಪು, ಬಾಳೆಕಂದು ಕಟ್ಟಿಸಿ, ಮಗಳನ್ನು ಕೂರಿಸಿ ದಿಬ್ಬಣ ಹೊರಡಿಸಿದರಂತೆ.

ಇಷ್ಟೊಂದು 'ಅಂತೆ' ಬರೆಯಲು ಕಾರಣವಿದೆ. ಅತ್ತೆಯ ನಾದಿನಿ ಗಂಗಮ್ಮ, ಅಂದರೆ ನಮ್ಮ ಮಾವನವರ ತಂಗಿ, ಇದೆಲ್ಲ ಸುಳ್ಳು ಎನ್ನುತ್ತಿದ್ದರು. ಅಂದು ಗಂಗಮ್ಮ ಲಂಗ ಹಾಕಿಕೊಂಡ ಹುಡುಗಿ, ಹೊಸಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದವರು. "ಎತ್ತಿನ ಗಾಡಿ ಮೇಲೆ ಬಂದ್ಲು. ನಾನೇ ಕಣ್ಣಾರೆ ನೋಡೀನಿ. ಚಾನಲ್ಲಲ್ಲಿ ದೋಣಿ ಹೋಗೋಕೆ ಇದೇನು ಸಮುದ್ರನಾ?" ಎನ್ನುತ್ತಿದ್ದರು. ಆ ಮದುವೆ ಕಂಡವರಲ್ಲಿ ಉಳಿದವರು ಈ ಇಬ್ಬರೇ. ಮಾವನವರು ಬದುಕಿದ್ದಷ್ಟು ದಿನ, ಮದುಮಗನಿಗೆ ಬಾಸಿಂಗದ ಮರೆಯಲ್ಲಿ ಏನು ಕಾಣುತ್ತದೆ ಎಂದು ಜಾರಿಕೊಳ್ಳುತ್ತಿದ್ದರು. ಹೆಂಡತಿಗೂ ತಂಗಿಗೂ ನಡುವೆ ಬಾಳಿದ ಗಂಡಸಿಗೆ ಅಷ್ಟು ಜಾಣತನ ಬೇಕೇ ಬೇಕು.

ನಮ್ಮ ಮನೆಯಲ್ಲಿ ನಂಬಲಾಗದ್ದಕ್ಕೆಲ್ಲ 'ಅಜ್ಜಿ ದೋಣಿ' ಎಂದೇ ಹೆಸರಾಗಿತ್ತು. ನನ್ನ ಮಗಳು ಗಣಿತದಲ್ಲಿ ಪಾಸಾದೆ ಎಂದು ಬಂದಾಗ ಅವಳ ಅಣ್ಣ, "ಇದೂ ಅಜ್ಜಿ ದೋಣಿನಾ?" ಎಂದಿದ್ದ. ಅತ್ತೆಯೂ ನಕ್ಕುಬಿಡುತ್ತಿದ್ದರು. ಆದರೆ ಗಂಗಮ್ಮನ ಮಾತಿಗೆ ಮಾತ್ರ ನಗುತ್ತಿರಲಿಲ್ಲ. ಗಂಗಮ್ಮ ಭದ್ರಾವತಿಯ ನ್ಯೂ ಟೌನಿನಲ್ಲಿ ಮಗನ ಜೊತೆ ಇದ್ದರು. ಹಬ್ಬ ಹುಣ್ಣಿಮೆಗೆ ಬರುವಾಗ ಅತ್ತಿಗೆಗೆಂದು ಪ್ರೀತಿಯಿಂದ ಚಕ್ಕುಲಿ ತರುತ್ತಿದ್ದರು. ಅತ್ತೆಗೆ ಹಲ್ಲಿಲ್ಲದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಚಾನಲ್ ಒಣಗಿದ್ದಾಗ ದಂಡೆಯ ಕೆಲಸ ನಡೆಯಿತು. ಮುಗಿಯುತ್ತಾ ಬಂದಾಗ ನಮ್ಮ ವಾರ್ಡಿನ ಸದಸ್ಯರು ಬೀದಿಯವರನ್ನೆಲ್ಲ ಸೇರಿಸಿ, ಮಳೆಗಾಲದಲ್ಲಿ ನೀರು ಬಿಟ್ಟ ಮೇಲೆ ಬಾಗಿನ ಕೊಡುವ ಕಾರ್ಯಕ್ರಮ ಮಾಡೋಣ, ಚಾನಲ್ಲಿನ ಇತಿಹಾಸದ ಫಲಕ ಹಾಕೋಣ, ಹಿರಿಯರು ಏನಾದರೂ ಹೇಳಿ ಎಂದರು. ಇಡೀ ಜನ್ಮದಲ್ಲಿ ಅತ್ತೆಯನ್ನು ಹೀಗೆ ಯಾರೂ ಕೇಳಿರಲಿಲ್ಲ. ಎದ್ದು ನಿಂತು ಬೆಲ್ಲ, ಭತ್ತ, ಎತ್ತು, ಹಗ್ಗ, ದಿಬ್ಬಣ ಎಲ್ಲವನ್ನೂ ಹೇಳಿದರು. ಸದಸ್ಯರ ಕಣ್ಣು ಅರಳಿತು. ಅಷ್ಟರಲ್ಲಿ, ಮೊಮ್ಮಗನ ನಾಮಕರಣಕ್ಕೆ ಕರೆಯಲು ಬಂದು ನನ್ನ ಪಕ್ಕದಲ್ಲೇ ಕೂತಿದ್ದ ಗಂಗಮ್ಮ, "ಆಗಿನ್ನೂ ನಮ್ಮತ್ತಿಗೆಗೆ ಹೆದರಿಕೆ ಜಾಸ್ತಿ. ಗಾಡಿ ಮೇಲೆ ಬಂದಿದ್ದು ನೆನಪಿಲ್ಲ," ಎಂದರು. ಎಲ್ಲರೂ ನಕ್ಕರು. ಸದಸ್ಯರು ಇಬ್ಬರಿಗೂ ಕೈಮುಗಿದು, "ನೀವಿಬ್ರೂ ಒಂದೇ ಮಾತು ಹೇಳಿ ತಾಯಿ, ನಾನು ಕಲ್ಲಲ್ಲೇ ಕೆತ್ತಿಸ್ತೀನಿ," ಎಂದರು.

ಮನೆಗೆ ಬಂದ ಅತ್ತೆ ಊಟ ಮಾಡಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಎಂಬತ್ತು ದಾಟಿದ ಹೆಂಗಸು ಬೀದಿಯವರ ಮುಂದೆ ಸುಳ್ಳಿಯಾಗಿ ಎದ್ದು ಬರುವುದೆಂದರೆ ಅದೇನು ಕಡಿಮೆ ಅವಮಾನವೇ? ನಮ್ಮ ಯಜಮಾನರು ತಾಯಿಯ ಮಂಚದ ಹತ್ತಿರ ಕೂತು, "ನೀನು ಬಂದಿದ್ದು ಖರೆನಾ ಅವ್ವ?" ಎಂದು ಕೇಳಿದರು.

"ಬಂದಿದ್ದೆ ಕಣಪ್ಪ."

"ಹಂಗಾದ್ರೆ ಬಾಗಿನದ ದಿನ ನಿನ್ನನ್ನ ದೋಣಿಯಲ್ಲೇ ಕರ್ಕೊಂಡು ಬರ್ತೀನಿ. ಗಂಗತ್ತೆನೂ ಪಕ್ಕದಲ್ಲಿ ಕೂರಿಸ್ತೀನಿ. ಚಾನಲ್ಲಲ್ಲಿ ದೋಣಿ ಹೋಗಲ್ಲ ಅಂತಾರಲ್ಲ, ಹೋಗೋದು ನೋಡ್ಲಿ."

ನಮ್ಮ ಯಜಮಾನರು ಭದ್ರಾವತಿಯಲ್ಲಿ ಕಬ್ಬಿಣದ ಕೆಲಸದಲ್ಲೇ ಆಯುಷ್ಯ ಕಳೆದು ಫೋರ್‌ಮನ್ ಆಗಿ ನಿವೃತ್ತರಾದವರು. ಭದ್ರಾವತಿಯಲ್ಲಿ ಕೆಲಸ ಮಾಡಿದ ಗಂಡಸರಿಗೆ ಮರವೆಂದರೆ ಒಲೆಗೆ ಹಾಕುವ ವಸ್ತು, ಉಳಿದದ್ದೆಲ್ಲ ಕಬ್ಬಿಣದಲ್ಲೇ ಆಗಬೇಕು. ನಮ್ಮ ಮನೆಯ ತೊಟ್ಟಿಲು ಕಬ್ಬಿಣದ್ದು. ದೇವರ ಮಂಟಪವೂ ಅಷ್ಟೇ. ನಾನು ಹೈಸ್ಕೂಲಿನಲ್ಲಿ ಕಲಿಸುತ್ತಿದ್ದ ಹಿಂದಿ ಪುಸ್ತಕಗಳಿಗೆ ಅವರು ಮಾಡಿಕೊಟ್ಟ ಕಪಾಟನ್ನು ಮನೆಗೆ ಸುಣ್ಣ ಹೊಡೆಸುವಾಗಲೂ ಯಾರಿಂದಲೂ ಸರಿಸಲಾಗದೆ ಅದರ ಸುತ್ತಲೇ ಹೊಡೆದು ಹೋದರು. ಹೀಗಾಗಿ ದೋಣಿ ಕಬ್ಬಿಣದ್ದಾಗುತ್ತದೆ ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಅವರ ಜೊತೆ ಕೆಲಸ ಮಾಡಿದ್ದ ಸೆಲ್ವರಾಜ್ ಮಾಚೇನಹಳ್ಳಿಯಲ್ಲಿ ಒಂದು ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡಿದ್ದರು. ಇಬ್ಬರೂ ಸೇರಿ ಅಲ್ಲೇ ಶುರು ಮಾಡಿದರು.

ನಿವೃತ್ತಿಯಾದ ಮೇಲೆ ಅಷ್ಟು ಖುಷಿಯಾಗಿ ನಮ್ಮ ಯಜಮಾನರನ್ನು ನಾನು ನೋಡಿರಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಸಂಜೆ ಅಂಗಿಯಲ್ಲಿ ಹೊಸ ತೂತುಗಳನ್ನು ಸುಟ್ಟುಕೊಂಡು, ರೆಡ್ ಆಕ್ಸೈಡ್ ಬಣ್ಣದ ವಾಸನೆಯೊಡನೆ ಬರುತ್ತಿದ್ದರು. ಒಂದು ದಿನ ನಾನೂ ಅತ್ತೆಯೂ ನೋಡಲು ಹೋದೆವು. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಕಣ್ಣಿಗೆ ಅದು ಎಮ್ಮೆಗೆ ನೀರು ಕುಡಿಸುವ ಬಾನಿಯಂತಿತ್ತು. ಅದರ ಮೇಲೆ ನಾಲ್ಕು ಕಂಬ ನಿಲ್ಲಿಸಿ, ತಗಡಿನ ಚಪ್ಪರವನ್ನು ಬೆಸುಗೆ ಹಾಕಿ ಕೂರಿಸುತ್ತಿದ್ದರು.

ಅತ್ತೆ ಸುತ್ತಲೂ ನಡೆದು ನೋಡಿ, "ಚಪ್ಪರ ಬೇಡ ಬಿಡೋ," ಎಂದರು.

"ನಿಂಗೆ ಅವತ್ತು ಚಪ್ಪರ ಇತ್ತೋ ಇಲ್ವೋ ಅವ್ವ?"

"ಇತ್ತು."

"ಮತ್ತೆ? ಇದ್ದಂಗೇ ಮಾಡಬೇಕು. ಇಲ್ಲಾಂದ್ರೆ ಗಂಗತ್ತೆ ಅದಕ್ಕೊಂದು ಕೊಂಕು ತೆಗೀತಾರೆ."

ಅತ್ತೆ, "ಅಲ್ಲ ಕಣೋ, ನೀರು ಬಂದಾಗ ದೋಣಿ ಮೇಲಕ್ಕೇಳಲ್ವಾ?" ಎಂದರು.

ಸೆಲ್ವರಾಜ್ ಬೆಸುಗೆಯ ಕನ್ನಡಕವನ್ನು ಹಣೆಗೇರಿಸಿ, "ಏಳೇ ಏಳುತ್ತೆ ಅಮ್ಮ, ಒಂದ್ ಚೂರೂ ಡೌಟ್ ಬೇಡ. ಮುಳುಗಿದ್ರೆ ನನ್ ಮೀಸೆ ತೆಗೀತೀನಿ," ಎಂದರು. ಯಜಮಾನರು, "ಮೇಲೇಳೋದಕ್ಕೇ ಅಲ್ವಾ ಅವ್ವ ದೋಣಿ ಅನ್ನೋದು," ಎಂದು ನಕ್ಕರು. ಮನೆಗೆ ಬರುವ ದಾರಿಯಲ್ಲೂ ಅತ್ತೆ, ಇನ್ನೊಂದು ದಿನ ಊಟಕ್ಕೆ ಕೂತಾಗಲೂ ಅದನ್ನೇ ಕೇಳಿದರು. ವಯಸ್ಸಾಯಿತು, ಮುಳುಗುವ ಭಯ ಎಂದುಕೊಂಡು ನಾನು ಅವರ ತಟ್ಟೆಗೆ ಇನ್ನಷ್ಟು ತುಪ್ಪ ಬಡಿಸಿದೆ.

ದೋಣಿ ಮುಗಿದಾಗ ಚಾನಲ್ ಇನ್ನೂ ಒಣಗಿಯೇ ಇತ್ತು. ಅದನ್ನು ಲಾರಿಯಲ್ಲಿ ತಂದು, ಕ್ರೇನಿನಿಂದ ಪಾರ್ಕಿನ ಹತ್ತಿರ ಚಾನಲ್ಲಿನ ತಳಕ್ಕಿಳಿಸಿದರು. ಅಲ್ಲಿಂದ ನಮ್ಮ ಬೀದಿಯ ಸೇತುವೆ ಕಾಣುವಷ್ಟೇ ದೂರ. ಸೇತುವೆ ದಾಟಿದರೆ ನಮ್ಮ ಮನೆಯ ಎದುರಿನ ಮೆಟ್ಟಿಲು. ಆ ಮೆಟ್ಟಿಲಿಗೆ ದೋಣಿ ಬಂದು ತಾಗಿದರೆ ಅತ್ತೆ ಗೆದ್ದಂತೆ.

ಇನ್ನು ಅಳತೆಯ ವಿಷಯ. ಫ್ಯಾಕ್ಟರಿಯಲ್ಲಿ ಕೂದಲೆಳೆ ಹೆಚ್ಚು ಕಡಿಮೆಯಾದರೂ ಕೆಲಸ ವಾಪಸು ಕಳಿಸುತ್ತಿದ್ದ ಜನ ಇವರು, ಅಂದಾಜಿನ ಮೇಲೆ ಬಿಡುವವರಲ್ಲ. ಯಜಮಾನರು ಸೇತುವೆಯ ಕೆಳಗೆ ತಳದಲ್ಲಿ ನಿಂತು ಟೇಪು ಹಿಡಿದರು, ಸೆಲ್ವರಾಜ್ ಮೇಲಿನ ತುದಿ ಹಿಡಿದರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ಒಮ್ಮೆ ಅಳೆದರು. ಚಪ್ಪರ ಆರಾಮಾಗಿ ದಾಟುತ್ತದೆ, ಮೇಲೆ ಬಾಳೆಕಂದಿಗೂ ಜಾಗ ಉಳಿಯುತ್ತದೆ ಎಂದು ತೀರ್ಮಾನವಾಯಿತು. ಅಷ್ಟಕ್ಕೇ ಬಿಡಲಿಲ್ಲ. ಪೈಪಿನ ತುಂಡುಗಳನ್ನು ಅಡಿಗೆ ಹಾಕಿ, ಬೀದಿಯ ಗಂಡಸರನ್ನೆಲ್ಲ ಕರೆದು, ದೋಣಿಯನ್ನು ಒಣ ಚಾನಲ್ಲಿನಲ್ಲೇ ಉರುಳಿಸಿಕೊಂಡು ಸೇತುವೆಯ ಕೆಳಗಿಂದ ಆಚೆ ತಂದು ತೋರಿಸಿದರು. ಎಲ್ಲಿಯೂ ಒಂದಿಷ್ಟೂ ತಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸದಸ್ಯರು ತೆಂಗಿನಕಾಯಿ ಒಡೆದರು. ನಾನು ಎಲ್ಲರಿಗೂ ಮಜ್ಜಿಗೆ ಕೊಟ್ಟೆ. ಆಮೇಲೆ ದೋಣಿಯನ್ನು ಮತ್ತೆ ಪಾರ್ಕಿನವರೆಗೆ ಉರುಳಿಸಿಕೊಂಡು ಹೋಗಿ, ಗೂಟಕ್ಕೆ ಕಟ್ಟಿ, ನೀರಿಗಾಗಿ ಕಾಯತೊಡಗಿದೆವು.

ನೀರಿನ ಆಳವನ್ನು ಯಾರೂ ಕಳೆಯಲಿಲ್ಲ ಎಂದು ನೀವು ಆಗಲೇ ಹೇಳುತ್ತಿದ್ದೀರಿ. ನೀವು ಜಾಣರು. ನಮ್ಮ ಬೀದಿಯಲ್ಲಿ ಇಬ್ಬರು ಇಂಜಿನಿಯರುಗಳು, ಒಬ್ಬ ಗಣಿತದ ಮೇಷ್ಟ್ರು, ಹಿಂದಿ ಕಲಿಸಿದ ನಾನು, ಕಬ್ಬಿಣದಲ್ಲಿ ಪಳಗಿದ ಇಬ್ಬರು, ಯಾರಿಗೂ ಹೊಳೆಯಲಿಲ್ಲ. ಎದುರಿಗೇ ಇಷ್ಟು ದೊಡ್ಡ ದೋಣಿ ಸೇತುವೆಯ ಕೆಳಗೆ ಸಲೀಸಾಗಿ ಹೋದದ್ದನ್ನು ಕಂಡ ಮೇಲೆ ಯೋಚಿಸುವುದಕ್ಕೇನಿದೆ?

ಆರಿದ್ರಾ ಮಳೆ ಹಿಡಿಯಿತು. ಗಾಜನೂರಿನಲ್ಲಿ ಡ್ಯಾಮು ತುಂಬಿತು. ಒಂದು ಬೆಳಿಗ್ಗೆ ಕೆಂಪು ನೀರು ಕಸಕಡ್ಡಿಗಳನ್ನು ಮುಂದೆ ತಳ್ಳಿಕೊಂಡು ನಮ್ಮ ಬೀದಿಗೆ ಬಂತು. ದೋಣಿ ಎದ್ದು ತೇಲಿತು. ಸೆಲ್ವರಾಜ್ ಮೀಸೆ ತಿರುವಿಕೊಂಡು ದಂಡೆಯ ಮೇಲೆ ಓಡಾಡಿದರು.

ಬಾಗಿನದ ದಿನ ಮಳೆ ಬಿಡುವು ಕೊಟ್ಟಿತ್ತು. ಸದಸ್ಯರು ಬೇಕಾದವರ ಒಪ್ಪಿಗೆ ತಂದಿದ್ದರು, ಎರಡೂ ದಂಡೆಯಲ್ಲಿ ಹಗ್ಗ ಹಿಡಿಯಲು ಗಟ್ಟಿ ಆಳುಗಳನ್ನು ನಿಲ್ಲಿಸಿದ್ದರು, ವಾಲಗದವರನ್ನೂ ಕರೆಸಿದ್ದರು. ರೇಷ್ಮೆ ಸೀರೆ ಉಟ್ಟ ಅತ್ತೆಗೂ ಗಂಗಮ್ಮನಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಡಿಸಿದರು. ಗಂಗಮ್ಮ, "ಇದ್ನ ಹಾಕ್ಕೊಂಡ್ರೆ ಸೆರಗೇ ಕಾಣಲ್ಲ, ನಾನ್ಯಾಕೆ ಹೊಸ ಸೀರೆ ಉಟ್ಟೆ ಮಾರಾಯ್ತಿ," ಎಂದು ನನ್ನನ್ನೇ ಗದರಿದರು. ಇಬ್ಬರ ನಡುವೆ ನಾನು ಕೂತೆ, ಬಾಗಿನದ ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು. ಯಜಮಾನರು ಮುಂದೆ ಓಡಿಹೋಗಿ ಸೇತುವೆಯ ಮೇಲೆ ನಿಂತರು, ತಾಯಿ ತಮ್ಮ ಕಾಲ ಕೆಳಗೆ ದಾಟಿಹೋಗುವುದನ್ನು ನೋಡಬೇಕೆಂದು. ವಾಲಗ ಶುರುವಾಯಿತು, ಹಗ್ಗ ಸಡಿಲಿಸಿದರು, ದೋಣಿ ಹೊರಟಿತು.

ನಿಜ ಹೇಳುತ್ತೇನೆ, ಎಂಥ ಚಂದ ಇತ್ತು. ದಿನವೂ ನೋಡುವ ಬೀದಿ ಕೆಳಗಿನಿಂದ ನೋಡಿದರೆ ಬೇರೆ ಊರಿನಂತೆ ಕಂಡಿತು. ಅಕ್ಕಪಕ್ಕದವರೆಲ್ಲ ರೇಲಿಂಗಿಗೆ ಆತು ಮೊಬೈಲು ಹಿಡಿದಿದ್ದರು. ಅತ್ತೆ ಮಾತ್ರ ಯಾರನ್ನೂ ನೋಡದೆ ಎದುರಿನ ಸೇತುವೆಯನ್ನೇ ದಿಟ್ಟಿಸುತ್ತಿದ್ದರು. ಅವರ ಕೈ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿತ್ತು. ನಾನೂ ಸೇತುವೆಯ ಕಡೆ ನೋಡಿದೆ. ಅದು ಯಾಕೋ ಕುಳ್ಳಗಾಗಿತ್ತು. ಹಾಗೆಂದು ನನಗೆ ಅನ್ನಿಸುವುದಕ್ಕೂ, ಮೇಲೆ ನಿಂತಿದ್ದ ಯಜಮಾನರ ಬಾಯಿ ತೆರೆಯುವುದಕ್ಕೂ ಸರಿಹೋಯಿತು. ಚಪ್ಪರದ ಮುಂಭಾಗ ಸೇತುವೆಗೆ ಬಡಿದು ಇಡೀ ದೋಣಿ ಗಂಟೆಯಂತೆ ಸದ್ದು ಮಾಡಿತು. ವಾಲಗ ನಿಂತಿತು. ಬಾಳೆಕಂದು ಮುರಿದು ಗಂಗಮ್ಮನ ತಲೆಯ ಮೇಲೆ ಬಿತ್ತು.

ಹಗ್ಗದವರು ಬಿಗಿ ಹಿಡಿದದ್ದರಿಂದ ಅಪಾಯವೇನೂ ಆಗಲಿಲ್ಲ. ದೋಣಿ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ನಿಂತಿತು. ಸದಸ್ಯರು ದಂಡೆಯಿಂದ, "ಆ ಚಪ್ಪರ ಬಿಚ್ಚಿ ಅತ್ಲಾಗೆ," ಎಂದರು. ಸೆಲ್ವರಾಜ್ ಮೀಸೆಯ ಮೇಲಿಂದ ಕೈ ತೆಗೆದು, "ಬಿಚ್ಚೋಕೆ ಬರಲ್ಲ ಸಾರ್. ಅದು ನನ್ನ ವೆಲ್ಡಿಂಗು," ಎಂದರು. ಆ ಹೊತ್ತಿನಲ್ಲೂ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತೆ, ಸೇತುವೆಯ ಆಚೆಗೇ ನಮ್ಮ ಮನೆಯ ಮೆಟ್ಟಿಲು ಕಾಣುತ್ತಿತ್ತು. ಯಜಮಾನರು ಕಟಾಂಜನದಿಂದ ಬಗ್ಗಿ ತಾಯಿಯನ್ನು ನೋಡಿದರು. ಅವರ ಮುಖ ನೋಡಿ ನನಗೆ ಅಳು ಬಂತು.

ಗಂಗಮ್ಮ ತಲೆಯ ಮೇಲಿನ ಬಾಳೆಕಂದನ್ನು ತೆಗೆದು ಪಕ್ಕಕ್ಕಿಟ್ಟು, ಬೀದಿಗೆಲ್ಲ ಕೇಳುವಂತೆ, "ನಾನು ಹೇಳಿರ್ಲಿಲ್ವಾ? ಈ ಚಾನಲ್ಲಲ್ಲಿ ದೋಣಿ ಹೋಗಲ್ಲ," ಎಂದರು.

ಅತ್ತೆ ನನ್ನ ಕೈ ಬಿಟ್ಟರು. ಅವರ ಮೈ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನೋಡಿದರೆ ನಗುತ್ತಿದ್ದರು. ಬೊಚ್ಚುಬಾಯಿ ತೆರೆದು, ಜಾಕೆಟ್ಟು ಕುಣಿಯುವಂತೆ ನಗುತ್ತಿದ್ದರು.

"ಅವತ್ತೂ ಹೋಗ್ಲಿಲ್ಲ ಕಣೇ ಗಂಗಿ," ಎಂದರು.

ಗಂಗಮ್ಮ ತಿರುಗಿ ನೋಡಿದರು.

"ಆಗ ಮೇಲ್ಗಡೆ, ಊರಾಚೆ ಒಂದು ಮರದ ಸಂಕ ಇತ್ತಲ್ಲ, ದಾಟೋಕೆ. ನಮ್ಮಪ್ಪ ಆಸೆಪಟ್ಟು ಚಪ್ಪರ ಕಟ್ಟಿಸಿದ್ದ. ಅದು ಬಂದು ಸಂಕಕ್ಕೆ ತಾಗಿ ಹಿಂಗೇ ನಿಂತ್ಕೊಂಡ್ತು. ಕೊಯ್ದು ತೆಗೆಯೋಣ ಅಂದ್ರೆ ಮುಹೂರ್ತ ಮೀರ್ತಿತ್ತು. ನನ್ನ ಇಳಿಸಿ, ದಂಡೆ ಹತ್ತಿಸಿ, ಯಾರದೋ ಗಾಡಿ ಕಟ್ಟಿಸಿ ಕಳಿಸಿದ. ದೋಣಿ ಸಿಕ್ಕಿಹಾಕ್ಕೊಂಡಿದ್ದು ಮಾತ್ರ ಯಾರಿಗೂ ಹೇಳಬೇಡ ಮಗಳೇ ಅಂದ. ಹೊಸಿಲು ತುಳಿಯೋಕೆ ಮುಂಚೇನೇ ಅಡ್ಡಿ ತಂದ್ಲು, ಕಾಲ್ಗುಣ ಚೆನ್ನಾಗಿಲ್ಲ ಅಂತ ಶುರು ಮಾಡ್ತಾರೆ ಅಂತ. ನೀನೇ ಹೇಳು, ನಿಮ್ಮವ್ವ ಬಿಡ್ತಿದ್ಲಾ?"

ಗಂಗಮ್ಮ ಯೋಚಿಸಿದರು. ಅವರ ಅವ್ವ, ಅಂದರೆ ನಮ್ಮ ಅತ್ತೆಯ ಅತ್ತೆ, ಹಾಲು ಒಡೆದರೂ ಹಸುವನ್ನು ಬಿಟ್ಟು ಸೊಸೆಯನ್ನು ಬೈಯುತ್ತಿದ್ದವರು ಎಂದು ನಾನೂ ಕೇಳಿದ್ದೆ.

"ಬಿಡ್ತಿರ್ಲಿಲ್ಲ," ಎಂದರು ಗಂಗಮ್ಮ.

"ಅದಕ್ಕೇ ಹೇಳ್ಲಿಲ್ಲ. ಆಮೇಲೆ ಅವರೆಲ್ಲ ಹೋದ್ಮೇಲೆ ಹೇಳೋಣ ಅಂದ್ರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ನೀನೇ ಹಿಡ್ಕೋತಿದ್ದೆ."

ಮೇಲಿನಿಂದ ಯಜಮಾನರು, "ಅವ್ವ, ಮೊದ್ಲೇ ಹೇಳಬಾರ್ದಿತ್ತಾ?" ಎಂದರು, ಅಳುವುದೋ ನಗುವುದೋ ತಿಳಿಯದ ದನಿಯಲ್ಲಿ. "ಎಷ್ಟು ಸಲ ಕೇಳ್ದೆನೋ, ನೀರು ಬಂದ್ರೆ ಮೇಲಕ್ಕೇಳಲ್ವಾ ಅಂತ?" ಎಂದರು ಅತ್ತೆ. ಸೆಲ್ವರಾಜ್ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ಕೈ ಹೊತ್ತರು.

ಅಷ್ಟರಲ್ಲಿ ಹಗ್ಗದವರು ದೋಣಿಯನ್ನು ದಂಡೆಯ ಇಳಿಜಾರಿಗೆ ಎಳೆದು ತಂದರು. ಅಲ್ಲಿ ಮೆಟ್ಟಿಲಿರಲಿಲ್ಲ, ಪಾದ ಮುಳುಗುವಷ್ಟು ನೀರಿತ್ತು. ನಾನು ಮೊದಲು ಇಳಿದು ಅತ್ತೆಗೆ ಕೈ ಚಾಚಿದೆ. ಗಂಗಮ್ಮ ಇನ್ನೂ ಏಳಲಿಲ್ಲ. ಅತ್ತಿಗೆಯ ಕಾಲಿನ ಕಡೆ ನೋಡುತ್ತಾ ಕೂತಿದ್ದರು.

"ಅವತ್ತು ಆರತಿ ಎತ್ತುವಾಗ ನಿನ್ನ ಸೀರೆ ಮಂಡಿವರೆಗೂ ಒದ್ದೆ ಆಗಿತ್ತು," ಎಂದರು. "ಮಳೆ ಇರ್ಲಿಲ್ಲ. ನಾನು ಚಿಕ್ಕೋಳು, ಯಾರನ್ನೂ ಕೇಳ್ಲಿಲ್ಲ. ಹೆದರ್ಕೊಂಡು ಏನೋ ಮಾಡ್ಕೊಂಡಿದಾಳೆ ಪಾಪ, ಯಾರಿಗೂ ಗೊತ್ತಾಗಬಾರ್ದು ಅಂದ್ಕೊಂಡು, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ."

ಅತ್ತೆಯ ನಗು ನಿಂತಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಗಂಗಮ್ಮ ಮೆಲ್ಲಗೆ ಎದ್ದು, ದೋಣಿಯ ಅಂಚು ಹಿಡಿದು ಬಗ್ಗಿ, ಅತ್ತೆಯ ನಿರಿಗೆಯನ್ನು ತಾವೇ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದುಕೊಂಡರು.

"ಈಗ ಇಳಿ ಅತ್ತಿಗೆ," ಎಂದರು.